ಹಂದಿ ಮಾಂಸಕ್ಕೂ ಒಂದು ಮೇಜು, ಒಂದು ನಾಮಫಲಕ

ಹನೂರು ತಾಲ್ಲೂಕಿನ ಕಾಡಂಚಿನಲ್ಲಿರುವ ಒಡೆಯರಪಾಳ್ಯದಲ್ಲಿ ಟಿಬೆಟನ್ ನಿರಾಶ್ರಿತರ ಧೋಂಡೆನ್‌ಲಿಂಗ್ ಶಿಬಿರವಿದೆ. ಕಳೆದ ಚಳಿಗಾಲದ ಒಂದು ಮಧ್ಯಾಹ್ನ ಅಲ್ಲಿನ ಪುಟ್ಟ ಹೋಟೆಲೊಂದರಲ್ಲಿ ಕುಳಿತು ಹಂದಿ ಮಾಂಸದ ಥುಕ್ಪಾ ತಿಂದೆ. ನಿವೃತ್ತ ಅಧಿಕಾರಿಯೊಬ್ಬ ಏನು ತಿಂದನೆಂಬುದು ಈ ಪುಟಕ್ಕೆ ಸಲ್ಲುವ ವಿಷಯವಲ್ಲ. ಆದರೆ ಪಕ್ಕದ ಮೇಜಿನಲ್ಲಿ ಯಾರು ಕುಳಿತಿದ್ದರು ಎಂಬುದು ಸಲ್ಲುತ್ತದೆ.

ಅಲ್ಲಿದ್ದವರು ನೆರೆಯ ಹಳ್ಳಿಯ ಇಬ್ಬರು. ಒಬ್ಬ ಮುಸುಕಿನ ಜೋಳದ ಹೊಲದಿಂದ ನೇರವಾಗಿ ಬಂದಿದ್ದ. ಇನ್ನೊಬ್ಬ ಹಂದಿ ಸಾಕುವವನು. ಆ ಹೋಟೆಲಿಗೆ ಮಾಂಸ ಒದಗಿಸುವವನೂ ಅವನೇ. ‘ಅಕ್ಕಾ, ಕಾರ ಇನ್ನೊಸಿ ಕೊಡಿ’ ಎಂದು ಆತ ಕೇಳಿದರೆ, ಒಲೆಯ ಮುಂದಿದ್ದ ಟಿಬೆಟನ್ ಗೃಹಿಣಿ ಅಚ್ಚ ಕೊಳ್ಳೇಗಾಲದ ಕನ್ನಡದಲ್ಲಿ ‘ಒಸಿ ಕಮ್ಮಿ ಹಾಕ್ಕೊಳ್ಳಣ್ಣ, ಆಮೇಲೆ ನೀರು ನೀರು ಅಂತೀಯ’ ಎಂದರು. ಟಿಬೆಟನ್ ಭಾಷೆಯಲ್ಲಿ ಅಕ್ಕನಿಗೆ ‘ಅಚಾ’ ಎನ್ನುತ್ತಾರಂತೆ. ಹೆಚ್ಚು ದೂರವಿಲ್ಲ.

ಮಾತಿನ ನಡುವೆ ನಾನು ಹಿಂದೆ ಇದೇ ತಾಲ್ಲೂಕು ಕಚೇರಿಯಲ್ಲಿದ್ದವನೆಂದು ತಿಳಿದೊಡನೆ ಆ ಹಂದಿ ಸಾಕುವವನು ಬಟ್ಟಲು ಕೆಳಗಿಟ್ಟು ಎದ್ದು ನಿಂತ. ‘ನೀವು ಕೂತ್ಕಳಿ ಬುದ್ಧಿ’ ಎಂದ. ನಾನು ಆಗಲೇ ಕುಳಿತೇ ಇದ್ದೆ. ಗೃಹಿಣಿಗೆ ಮಾತ್ರ ಅವನು ಏಕೆ ಎದ್ದನೆಂಬುದು ಅರ್ಥವಾಗಲಿಲ್ಲ. ಊಟ ಸೇರಲಿಲ್ಲವೇ ಎಂದು ಅವನನ್ನು ವಿಚಾರಿಸಿದರು.

ಥುಕ್ಪಾ ಎಂದರೆ ಮೂಳೆಯ ಸಾರಿನಲ್ಲಿ ಬೇಯಿಸಿದ ಗೋಧಿ ಶಾವಿಗೆ, ಮೇಲೊಂದಿಷ್ಟು ಸೊಪ್ಪು, ಈರುಳ್ಳಿ, ಮಾಂಸದ ತುಂಡು. ಹಿಟ್ಟನ್ನು ಕೈಯಿಂದಲೇ ಚಪ್ಪಟೆಯಾಗಿ ಎಳೆದು, ಹರಿದು ಹಾಕಿದರೆ ಅದು ಥೆಂತುಕ್. ನಮ್ಮ ಸೀಮೆಗೆ ಇದು ಅಷ್ಟೇನೂ ಪರಕೀಯವಲ್ಲ. ಯಳಂದೂರಿನ ನನ್ನ ಅತ್ತೆಯವರ ಮನೆಯಲ್ಲಿ, ಸುವರ್ಣಾವತಿ ನೀರಿನಲ್ಲಿ ಬೆಳೆದ ಅಕ್ಕಿಯ ಹಿಟ್ಟನ್ನು ಮುದ್ದೆ ಮಾಡಿ, ಬೇಯಿಸಿ, ಒರಳಿನಲ್ಲಿ ಒತ್ತಿ ಶಾವಿಗೆ ತೆಗೆಯುತ್ತಿದ್ದರು. ಹಬ್ಬಕ್ಕೆ ಕಾಯಿಹಾಲು, ಬಾಡೂಟದ ದಿನ ಕೋಳಿ ಸಾರು. ಒರಳಿನ ಹಿಡಿ ಒತ್ತಲು ಇಬ್ಬರು ಗಂಡಸರು ಬೇಕಾಗುತ್ತಿತ್ತು. ಅಳಿಯನೆಂಬ ಮುಲಾಜು ಆ ಕೆಲಸದಲ್ಲಿ ಇರಲಿಲ್ಲ. ಇಂದು ಕೊಳ್ಳೇಗಾಲದ ಸಂಜೆಯ ತಳ್ಳುಗಾಡಿಗಳಲ್ಲಿ ಗೋಬಿ ಮಂಚೂರಿಯ ಜೊತೆಗೆ ನೂಡಲ್ಸ್ ಮಾರುವ ಹುಡುಗರು ಆ ಶಾವಿಗೆಯ ಮೊಮ್ಮಕ್ಕಳೇ ಸರಿ. ಶಾವಿಗೆಯ ವಿಷಯದಲ್ಲಿ ನಮಗೆ ಯಾವ ತಕರಾರೂ ಇಲ್ಲ. ತಕರಾರು ಇರುವುದು ಅದರ ಮೇಲೆ ಕುಳಿತ ಮಾಂಸದ್ದು.

ನನ್ನ ಮಾತನ್ನೇ ಹೇಳುವುದಾದರೆ, ನಮ್ಮ ಮನೆಯಲ್ಲಿ ಕುರಿ ಕೋಳಿ ನಡೆಯುತ್ತಿತ್ತು, ಹಂದಿ ನಡೆಯುತ್ತಿರಲಿಲ್ಲ. 1980ರ ದಶಕದ ಕೊನೆಯಲ್ಲಿ, ಸೇವೆಗೆ ಸೇರಿದ ಹೊಸತರಲ್ಲಿ, ಜಮೀನಿನ ತನಿಖೆಗೆಂದು ಇದೇ ಶಿಬಿರಕ್ಕೆ ಹೋದಾಗ ಮೊದಲ ಬಾರಿಗೆ ತಿಂದೆ. ರುಚಿಸಿತು. ಮನೆಗೆ ಬಂದು ಹೆಂಡತಿಗೆ ಕೋಳಿ ಎಂದೆ. ಆ ಸುಳ್ಳನ್ನು ಬಹಳ ವರ್ಷ ಕಾಪಾಡಿಕೊಂಡೆ. ಹಂದಿ ತಿನ್ನುವ ಜನ ಈ ಮೂರು ತಾಲ್ಲೂಕುಗಳಲ್ಲಿ ಇಲ್ಲವೆಂದಲ್ಲ, ಧಾರಾಳವಾಗಿದ್ದಾರೆ. ಆದರೆ ಅವರು ಕೇರಿಯ ಹಿಂಭಾಗದಲ್ಲಿ ಕೊಂಡು, ಮನೆಯ ಹಿಂಭಾಗದಲ್ಲಿ ಬೇಯಿಸಿ ತಿನ್ನಬೇಕು ಎಂಬುದು ಉಳಿದವರು ಬಾಯಿಬಿಟ್ಟು ಹೇಳದೆ ಮಾಡಿರುವ ಕಟ್ಟಳೆ. ನನ್ನ ಸುಳ್ಳೂ ಆ ಕಟ್ಟಳೆಯ ಒಂದು ಭಾಗವೇ ಆಗಿತ್ತು.

ಸರ್ಕಾರಿ ಕಡತಗಳಲ್ಲಿ ಹಂದಿಗೆ ಇರುವ ಸ್ಥಾನವೂ ಇದಕ್ಕೆ ತಕ್ಕುದೇ. ಮೂರು ದಶಕಕ್ಕೂ ಮೀರಿದ ಸೇವೆಯಲ್ಲಿ ಹಂದಿಯ ಕುರಿತಾಗಿ ನನ್ನ ಮೇಜಿಗೆ ಬಂದ ಕಡತಗಳ ಶೀರ್ಷಿಕೆ ಬಹುತೇಕ ಒಂದೇ: ‘ಹಂದಿಗಳ ಹಾವಳಿ ಕುರಿತು’. ಅದನ್ನು ಸಾಕುವ ಕೊರಮ, ಕೊರಚ, ಹಂದಿಜೋಗಿ ಕುಟುಂಬಗಳ ಜೀವನೋಪಾಯ ಕುರಿತು ಒಂದು ಕಡತವನ್ನೂ ನೋಡಿದ ನೆನಪಿಲ್ಲ. ನಾನಾಗಿಯೇ ತೆರೆಯಬಹುದಿತ್ತು, ತೆರೆಯಲಿಲ್ಲ.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನೋಡಿದರೆ ಇಲ್ಲಿ ಬೇಡಿಕೆ ಇದೆ, ಪೂರೈಕೆ ಇದೆ, ಬೆಲೆಯೂ ಇದೆ, ಇಲ್ಲದಿರುವುದು ಮಾರುಕಟ್ಟೆ. ವಧಾಲಯವಿಲ್ಲ, ಪಶುವೈದ್ಯರ ತಪಾಸಣೆಯಿಲ್ಲ, ಅಂಗಡಿಗೆ ನಾಮಫಲಕವಿಲ್ಲ. 2019ರ ಜಾನುವಾರು ಗಣತಿಯ ಪ್ರಕಾರ ದೇಶದಲ್ಲಿದ್ದ ಹಂದಿಗಳು ಸುಮಾರು 90.6 ಲಕ್ಷ, 2012ರ ಗಣತಿಗಿಂತ ಶೇ 12ರಷ್ಟು ಕಡಿಮೆ. 2021ರಲ್ಲಿ ಪರಿಷ್ಕರಿಸಿದ ರಾಷ್ಟ್ರೀಯ ಜಾನುವಾರು ಮಿಷನ್ ಹಂದಿ ಸಾಕಣೆಗೆ ಶೇ 50ರ ಬಂಡವಾಳ ಸಹಾಯಧನವನ್ನು, ಗರಿಷ್ಠ 30 ಲಕ್ಷ ರೂಪಾಯಿಯವರೆಗೆ, ಘೋಷಿಸಿತು. ಆ ಗರಿಷ್ಠ ಮೊತ್ತಕ್ಕೆ ನಿಗದಿಯಾದ ಘಟಕದ ಗಾತ್ರ 100 ಹೆಣ್ಣು ಹಂದಿ, 10 ಗಂಡು ಹಂದಿ. ಐದು ಹಂದಿಯನ್ನೂ ಒಂದು ಗುಡಿಸಲನ್ನೂ ಹೊಂದಿರುವ, ಗುಂಟೆ ಭೂಮಿಯೂ ಇಲ್ಲದ ಹಂದಿಜೋಗಿಗೆ ಬ್ಯಾಂಕಿನ ಬಾಗಿಲು ಎಲ್ಲಿದೆಯೆಂದು ತೋರಿಸುವವರಾರು? ಜಾತಿಯ ಕಸುಬಾಗಿದ್ದಾಗ ಅವಮಾನ ಅವನ ಪಾಲಿಗೆ ಬಂತು, ಉದ್ಯಮವಾದಾಗ ಸಹಾಯಧನ ಇನ್ನೊಬ್ಬರ ಪಾಲಿಗೆ ಹೋಗುವ ಲಕ್ಷಣ ಕಾಣುತ್ತಿದೆ.

ಇದು ಕೇವಲ ತಿನ್ನುವವರ ಸಮಸ್ಯೆ ಎಂದು ಭಾವಿಸುವ ಓದುಗರಿಗೆ ಒಂದು ಮಾತು. ಬಯಲಿನಲ್ಲಿ ಅಲೆದು ಮಲ ತಿಂದ ಹಂದಿಯ ಮಾಂಸ ಸರಿಯಾಗಿ ಬೇಯದಿದ್ದರೆ ತಿಂದವನ ಹೊಟ್ಟೆಯಲ್ಲಿ ಲಾಡಿಹುಳು ಸೇರುತ್ತದೆ. ಆದರೆ ಅದರ ಮರಿಹುಳುಗಳು ಮಿದುಳಿನಲ್ಲಿ ಗಂಟುಕಟ್ಟಿ ಮೂರ್ಛೆ ತರುವ ಕಾಯಿಲೆ ಬರುವುದು ಮಾಂಸದಿಂದಲ್ಲ. ಲಾಡಿಹುಳು ಇರುವ ಮನುಷ್ಯನ ಮಲದಲ್ಲಿನ ಮೊಟ್ಟೆಗಳು ನೀರು, ಸೊಪ್ಪು, ತರಕಾರಿಯ ಮೂಲಕ ಇನ್ನೊಬ್ಬರ ಹೊಟ್ಟೆ ಸೇರುವುದರಿಂದ. ಹಾಗಾಗಿ ಜನ್ಮದಲ್ಲಿ ಮಾಂಸ ಮುಟ್ಟದವರಿಗೂ ಅದು ಬರುತ್ತದೆ. ಹಂದಿಯನ್ನು ದೊಡ್ಡಿಯಲ್ಲಿ ಸಾಕಿಸಿ, ಮಾಂಸವನ್ನು ಪರೀಕ್ಷಿಸಿ ಮಾರಿಸುವುದರಿಂದ ಹಂದಿ ತಿನ್ನದವನ ಮನೆಗೂ ಲಾಭವಿದೆ. ಕಣ್ಣುಮುಚ್ಚಿಕೊಂಡರೆ ಇಬ್ಬರಿಗೂ ನಷ್ಟ.

ನಮ್ಮ ಅಸಹ್ಯ ನಿಜಕ್ಕೂ ಹಂದಿಯ ಮೇಲಿನದೇ ಎಂಬುದರಲ್ಲೂ ನನಗೆ ಅನುಮಾನವಿದೆ. ಬೆಂಗಳೂರಿನ ಹವಾನಿಯಂತ್ರಿತ ಹೋಟೆಲಿನಲ್ಲಿ ಕಾಚಂಪುಳಿ ಹಾಕಿದ ಕೊಡಗಿನ ಪಂದಿ ಕರಿಯನ್ನು ಅಕ್ಕಿ ಕಡುಬಿನೊಂದಿಗೆ ಸವಿದು ಹೊಗಳುವ ನನ್ನ ಗೆಳೆಯರೇ ‘ಹಂದಿ ಸಾರು’ ಎಂದರೆ ಮುಖ ಸಿಂಡರಿಸುತ್ತಾರೆ. ಮಗಳು ಕ್ವಾಲಾಲಂಪುರದಲ್ಲಿದ್ದಾಗ ಅಲ್ಲಿನ ಚೀನೀ ಚಹಾದಂಗಡಿಗಳಿಗೆ ನಮ್ಮನ್ನು ಕರೆದೊಯ್ಯುತ್ತಿದ್ದಳು. ಮುಸ್ಲಿಂ ಬಹುಸಂಖ್ಯಾತ ದೇಶದ ರಾಜಧಾನಿಯಲ್ಲಿ ಹಂದಿ ಮಾಂಸದ ನೂಡಲ್ಸ್ ಹಗಲಿನಲ್ಲೇ, ಫಲಕ ಹಾಕಿ ಮಾರಾಟವಾಗುತ್ತದೆ. ಬೇಡದವರು ಫಲಕ ಓದಿ ಮುಂದಿನ ಅಂಗಡಿಗೆ ಹೋಗುತ್ತಾರೆ. ಹಂದಿ ಮೂಳೆಯ ಕಷಾಯದಂಥ ‘ಬಕ್ ಕುಟ್ ತೇ’ ಎಂಬ ಸಾರನ್ನು 2024ರ ಫೆಬ್ರುವರಿಯಲ್ಲಿ ಆ ದೇಶ ರಾಷ್ಟ್ರೀಯ ಪರಂಪರೆಯ ಆಹಾರಗಳ ಪಟ್ಟಿಗೆ ಸೇರಿಸಿದಾಗ ಆಕ್ಷೇಪಗಳು ಬಂದವು, ವಾದವಿವಾದವೂ ನಡೆಯಿತು. ಅಂಗಡಿಗಳಂತೂ ಮುಚ್ಚಲಿಲ್ಲ.

ಅಷ್ಟು ದೂರವೇಕೆ, ನಮ್ಮ ಕೊಳ್ಳೇಗಾಲ ಸೀಮೆಯ ಚಿಕ್ಕಲ್ಲೂರಿನಲ್ಲಿ ಸಿದ್ಧಪ್ಪಾಜಿಯ ಜಾತ್ರೆಗೆ ಬಂದ ಒಕ್ಕಲುಗಳು ಬಿಡಾರ ಹೂಡಿ, ಮಾಂಸದಡುಗೆ ಮಾಡಿ, ಜಾತಿಯ ಹಂಗಿಲ್ಲದೆ ಸಾಲಾಗಿ ಕುಳಿತು ಉಣ್ಣುವುದಕ್ಕೆ ಪಂಕ್ತಿಸೇವೆ ಎನ್ನುತ್ತಾರೆ. ಪ್ರಾಣಿಬಲಿ ತಡೆಯುವ 1959ರ ಕಾಯ್ದೆಯ ಹೆಸರಿನಲ್ಲಿ ಅದಕ್ಕೆ ಅಡ್ಡಿಯಾದಾಗ, ಇದು ಬಲಿಯಲ್ಲ, ಊಟ ಎಂದು ಭಕ್ತರು ವಾದಿಸುತ್ತ ಬಂದಿದ್ದಾರೆ. ಆ ಪಂಕ್ತಿಯಲ್ಲಿ ಹಂದಿಗೆ ಸ್ಥಳವಿಲ್ಲದಿರಬಹುದು. ಆದರೆ ಯಾರು ಯಾರ ಪಕ್ಕದಲ್ಲಿ ಕೂರಬಹುದು ಎಂಬ ಪ್ರಶ್ನೆಗೆ ಈ ನೆಲ ಹಿಂದೆಯೇ ಒಂದು ಉತ್ತರ ಕೊಟ್ಟಿತ್ತು. ಅದನ್ನು ಅರಿಯದೆಯೇ ಜಾತಿಯ ಮೆಟ್ಟಿಲುಗಳ ಪರಿಚಯವಿಲ್ಲದ ಒಬ್ಬ ಟಿಬೆಟನ್ ಹೆಂಗಸು ಪ್ಲಾಸ್ಟಿಕ್ ಕುರ್ಚಿಗಳ ಮೇಲೆ ಅದನ್ನೇ ನಡೆಸುತ್ತಿದ್ದಾರೆ.

ಆ ಹೋಟೆಲ್ ಎಷ್ಟು ಕಾಲ ಇರುತ್ತದೆ ಎಂಬುದು ಬೇರೆ ಚಿಂತೆ. 1960ರಲ್ಲಿ ಮೈಸೂರು ರಾಜ್ಯ ಬೈಲಕುಪ್ಪೆಯಲ್ಲಿ ಜಮೀನು ಕೊಟ್ಟು ಆರಂಭಿಸಿದ ಪುನರ್ವಸತಿ 1970ರ ದಶಕದಲ್ಲಿ ಒಡೆಯರಪಾಳ್ಯವನ್ನು ತಲುಪಿತು. ಮಳೆಯಾಧಾರಿತ ಬೇಸಾಯ, ಚಳಿಗಾಲದಲ್ಲಿ ಊರೂರು ತಿರುಗಿ ಸ್ವೆಟರ್ ಮಾರಾಟ, ಇವುಗಳಲ್ಲಿ ಒಂದು ತಲೆಮಾರು ಬದುಕಿತು. ಕೇಂದ್ರ ಸರ್ಕಾರದ 2014ರ ಟಿಬೆಟನ್ ಪುನರ್ವಸತಿ ನೀತಿಯು 20 ವರ್ಷಗಳ ಗುತ್ತಿಗೆ ಪತ್ರ ಹಾಗೂ ವ್ಯಾಪಾರ ಪರವಾನಗಿ ನೀಡುವಂತೆ ರಾಜ್ಯಗಳಿಗೆ ಸೂಚಿಸಿತು. ಪರವಾನಗಿ ಸಿಕ್ಕರೂ ಅಡುಗೆಮನೆಗೆ ಕೈಗಳು ಬೇಕಲ್ಲ. ಆಕೆಯ ಮಗ ಕೆನಡಾದಲ್ಲಿದ್ದಾನೆ, ಮಗಳು ಬೆಂಗಳೂರಿನಲ್ಲಿ ನರ್ಸ್. ಇಬ್ಬರೂ ಹಿಂದಿರುಗುವ ಮಾತಿಲ್ಲ. ಆಕೆಗೆ ನೆರವಾಗಿ ಹಿಟ್ಟು ನಾದುತ್ತಿದ್ದವನು ಹಂದಿ ಒದಗಿಸುವವನ ಅಳಿಯ. ಮೊಮೊ ಮಡಚುವುದನ್ನೂ ಕಲಿತಿದ್ದಾನೆ. ಅವನು ನಾಳೆ ಕೊಳ್ಳೇಗಾಲದ ಬಸ್ ನಿಲ್ದಾಣದ ಬಳಿ ಇಂಥದೇ ಹೋಟೆಲ್ ತೆರೆಯಲು ಬಯಸಿದರೆ ಮಳಿಗೆ ಬಾಡಿಗೆಗೆ ಸಿಗುವುದೇ? ಪಟ್ಟಣದಲ್ಲಿ ಹಂದಿಗೆಂದೇ ಒಂದು ಸಣ್ಣ ವಧಾಲಯ, ವಾರಕ್ಕೆ ಎರಡು ದಿನ ಪಶುವೈದ್ಯರ ಮೊಹರು, ಆಹಾರ ಸುರಕ್ಷತಾ ಕಾಯ್ದೆಯ ನೋಂದಣಿ, ನಗರಸಭೆಯ ಮಳಿಗೆಗಳಲ್ಲಿ ಒಂದು. ಇವು ಯಾವ ಆಯವ್ಯಯವನ್ನೂ ಮುಳುಗಿಸುವ ಬೇಡಿಕೆಗಳಲ್ಲ.

ಹಿಂದಿರುಗುವಾಗ ಭಾನುವಾರದ ಬೆಳಿಗ್ಗೆ, ಕೊಳ್ಳೇಗಾಲದ ಹೊರವಲಯದಲ್ಲಿ ಟಾರ್ಪಾಲಿನ ಮರೆಯಲ್ಲಿ ಕುಳಿತ ಹೆಂಗಸಿನ ಬಳಿ ಅರ್ಧ ಕಿಲೋ ಕೊಂಡೆ. ಪ್ಲಾಸ್ಟಿಕ್ ಕೈಚೀಲಕ್ಕೆ ರಾಜ್ಯದಲ್ಲಿ 2016ರಿಂದಲೇ ನಿಷೇಧವಿದೆ. ಈ ಮಾಂಸಕ್ಕೆ ಮಾತ್ರ ಕಪ್ಪು ಕವರೇ ಆಗಬೇಕು, ಅದೂ ಎರಡು ಸುತ್ತು. ಬೇಡಮ್ಮ, ನನ್ನ ಬಳಿ ಡಬ್ಬಿ ಇದೆ ಎಂದೆ. ‘ದಾರೀಲಿ ಯಾರಾರ ನೋಡ್ತಾರೆ ಬುದ್ಧಿ’ ಎಂದು ಆಕೆ ನನ್ನ ಡಬ್ಬಿಯನ್ನೇ ಕಪ್ಪು ಕವರಿನೊಳಗಿಟ್ಟು, ಗಂಟು ಕಟ್ಟಿ ಕೈಗೆ ಕೊಟ್ಟಳು.