ತೊಗರಿ ಎಲೆ, ಪೆನ್ಸಿಲ್ ಮತ್ತು ಅಷ್ಟೂರಿನ ಗುಮ್ಮಟ

ಬೀದರ್ ಜಿಲ್ಲೆಯ ಸಂತಪುರದ ಯಾವುದೋ ಹೊಲದ ಬದುವಿನಲ್ಲಿ ಒಂದು ತೊಗರಿ ಎಲೆ ಕಿತ್ತು, ಬೆನ್ನು ಮೇಲಾಗುವಂತೆ ನೋಟ್‌ಬುಕ್ಕಿನ ಹಾಳೆಯ ಕೆಳಗಿಟ್ಟು, ಪೆನ್ಸಿಲನ್ನು ಅಡ್ಡ ಹಿಡಿದು ತಿಕ್ಕಿದರೆ ಮೊದಲು ನಡುನರ ಮೂಡುತ್ತದೆ. ಆಮೇಲೆ ಕವಲು ನರಗಳು, ಕೊನೆಗೆ ಅಂಚು. ನಾಣ್ಯ ಇಟ್ಟೂ ಮಕ್ಕಳು ಇದೇ ಆಟ ಆಡುತ್ತಾರೆ. ಪಾಠದ ನಡುವೆ ಸಿಕ್ಕಿಬಿದ್ದರೆ ಬೈಗುಳ ತಿನ್ನುತ್ತಾರೆ.

ಸರ್ರಿಯಲಿಸ್ಟ್ ಚಿತ್ರಕಾರ ಮ್ಯಾಕ್ಸ್ ಅರ್ನ್ಸ್ಟ್ ಈ ಆಟಕ್ಕೆ ಫ್ರೊಟಾಜ್ ಎಂದು ಹೆಸರಿಟ್ಟ. ಫ್ರೆಂಚಿನಲ್ಲಿ ಹಾಗೆಂದರೆ ತಿಕ್ಕುವುದು, ಅಷ್ಟೇ. ಕನಸಿಗೂ ಸುಪ್ತಮನಸ್ಸಿಗೂ ಕಲೆಯ ಬಾಗಿಲು ತೆರೆಯಬೇಕೆಂದು ಆಂದ್ರೆ ಬ್ರೆತೋ ಸರ್ರಿಯಲಿಸಂನ ಪ್ರಣಾಳಿಕೆ ಹೊರಡಿಸಿದ್ದು 1924ರಲ್ಲಿ. ಮರುವರ್ಷ ಆಗಸ್ಟ್ 10ರಂದು, ತಾನೇ ಬರೆದುಕೊಂಡಂತೆ, ಅರ್ನ್ಸ್ಟ್ ಫ್ರಾನ್ಸಿನ ಕರಾವಳಿಯ ಪೋರ್ನಿಕ್ ಊರಿನ ವಸತಿಗೃಹವೊಂದರಲ್ಲಿದ್ದ. ಉಜ್ಜಿ ತೊಳೆದು ತೊಳೆದು ನೆಲದ ಹಲಗೆಗಳ ಗೆರೆಗಳು ಎದ್ದು ಕಾಣುತ್ತಿದ್ದವು. ಅವನ್ನೇ ನೋಡುತ್ತಾ ಕೂತವನು ಹಾಳೆ ಹಾಸಿ ತಿಕ್ಕಿದ. ಹಲಗೆಯೊಳಗಿಂದ ಕಾಡು, ಸಮುದ್ರ, ಪ್ರಾಣಿಗಳು ಎದ್ದುಬಂದವು. ಬಳಿಕ ಎಲೆ, ಗೋಣಿಬಟ್ಟೆ, ದಾರ, ಸಿಕ್ಕಿದ್ದೆಲ್ಲ ಹಾಳೆಯ ಕೆಳಗೆ ಹೋಯಿತು. 1926ರಲ್ಲಿ 34 ಚಿತ್ರಗಳ ಸಂಪುಟ ಹೊರಬಂದಾಗ ಅದಕ್ಕೆ ಆತ ಇಟ್ಟ ಹೆಸರು ‘ನಿಸರ್ಗ ಚರಿತ್ರೆ’. ಹೆಸರು ನೋಡಿದರೆ ಸಸ್ಯಶಾಸ್ತ್ರದ ಪಠ್ಯ. ಒಳಗಿರುವುದು ಯಾವ ಶಾಸ್ತ್ರಜ್ಞನೂ ಗುರುತಿಸಲಾರದ ಗಿಡಗಳು. ಒಂದೇ ಒಂದು ಎಲೆ ಹೆಮ್ಮರದ ಗತ್ತಿನಲ್ಲಿ ನಿಂತಿರುತ್ತದೆ.

ಇಷ್ಟು ದೂರದ ಕತೆ ಬೀದರಿನವರಿಗೇಕೆ? ತಿಕ್ಕಿ ಹೂವು ಬರಿಸುವ ಕೆಲಸ ಈ ಊರಿನಲ್ಲಿ ದಿನವೂ ನಡೆಯುತ್ತದೆ ಎಂಬ ಕಾರಣಕ್ಕೆ.

ಬೀದರಿನ ಲೋಹಕಲೆಯಾದ ಬಿದರಿಯ ಹೂಜಿ ಎರಕದಿಂದ ಹೊರಬಂದಾಗ ಬೂದು ಬಣ್ಣದ, ಮಂಕಾದ ವಸ್ತು. ಹೆಚ್ಚಿನ ಪಾಲು ಸತು, ಸ್ವಲ್ಪ ತಾಮ್ರ. ಅರ ಹಾಕಿ ನಯಗೊಳಿಸಿ, ಮೈಲುತುತ್ತದ ನೀರು ಬಳಿದು ತಾತ್ಕಾಲಿಕವಾಗಿ ಕಪ್ಪಾಗಿಸಿ, ಆ ಕಪ್ಪಿನ ಮೇಲೆ ಕುಶಲಕರ್ಮಿ ಗಸಗಸೆ ಹೂವಿನ ಬಳ್ಳಿ ಗೀಚುತ್ತಾನೆ. ಗೀಚಿದ್ದನ್ನು ಉಳಿಯಿಂದ ಕೊರೆದು ಬೆಳ್ಳಿಯ ತಂತಿ ಕೂರಿಸುತ್ತಾನೆ, ಇದು ತಾರಕಶಿ. ಮತ್ತೆ ಉಜ್ಜಿದಾಗ ಕಪ್ಪು ಹೋಗಿ ಬೆಳ್ಳಿಯೂ ಸತುವೂ ಒಂದೇ ಬಣ್ಣಕ್ಕೆ ತಿರುಗುತ್ತವೆ, ಹೂವು ಇದ್ದೂ ಇಲ್ಲವಾಗುತ್ತದೆ. ಕೊನೆಗೆ ಕೋಟೆಯ ಮಣ್ಣಿಗೆ ನವಸಾಗರ ಬೆರೆಸಿ ಬಿಸಿ ಮಾಡಿ ತಿಕ್ಕಿದಾಗ ಸತು ಮಾತ್ರ ಕಾಡಿಗೆಯಂತೆ ಕಪ್ಪಾಗುತ್ತದೆ. ಬೆಳ್ಳಿಗೆ ಏನೂ ಆಗುವುದಿಲ್ಲ. ಗಸಗಸೆ ಹೂವು ಕತ್ತಲೊಳಗಿಂದ ಫಕ್ಕನೆ ಎದ್ದು ಬರುತ್ತದೆ. ಈ ಕೆಲಸಕ್ಕೆ 2006ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು, 2023ರಲ್ಲಿ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂತು. ಆದರೂ ಆ ಗಸಗಸೆಯನ್ನು ನಾವು ಕರೆಯುವುದು ‘ಡಿಸೈನ್’ ಎಂದೇ.

ಇದೇ ಅವಜ್ಞೆ ಬೀದರಿನ ಪಕ್ಕದ ಅಷ್ಟೂರಿನಲ್ಲೂ ಇದೆ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಿಗೆ ತಂದ ಬಹಮನಿ ಸುಲ್ತಾನ ಅಹ್ಮದ್ ಶಾ ವಲಿ 1436ರಲ್ಲಿ ತೀರಿಕೊಂಡ. ಅವನ ಗೋರಿಗುಮ್ಮಟದ ಒಳಮೈಯೆಲ್ಲ ಚಿತ್ರ: ಸಿಂಧೂರಗೆಂಪು, ನೀಲಿ, ಚಿನ್ನ. ಅಲ್ಲಿನ ಬರಹದಲ್ಲಿ ಚಿತ್ರಕಾರನ ಹೆಸರೂ ಉಳಿದಿದೆ, ಶುಕ್ರುಲ್ಲಾ ಕಜ್ವೀನಿ. ಪರ್ಷಿಯಾದ ರತ್ನಗಂಬಳಿ, ಪುಸ್ತಕದ ರಟ್ಟುಗಳಿಂದ ಹಬ್ಬಿ ಬಂದಂಥ ಬಳ್ಳಿಗಳು ಗೋಡೆ ಏರಿ ಗುಮ್ಮಟದ ತುದಿಯವರೆಗೂ ಹೋಗಿವೆ. ಬೇರಿಲ್ಲ, ಮಣ್ಣಿಲ್ಲ, ಋತುವಿಲ್ಲ. ಈ ವಲಿಯನ್ನು ಲಿಂಗಾಯತರು ಅಲ್ಲಮಪ್ರಭುವೆಂದು ನಂಬಿ ಜಾತ್ರೆಗೆ ಬರುತ್ತಾರೆ, ಮುಸ್ಲಿಮರು ಉರುಸಿಗೆ. ಬಂದವರ ಕಣ್ಣು ಗೋರಿಯ ಮೇಲೆ. ಕತ್ತೆತ್ತುವವರು ಕಡಿಮೆ.

ಹಾಗೆಂದು ‘ಸರ್ರಿಯಲಿಸಂ ನಮ್ಮಲ್ಲಿ ಐದು ಶತಮಾನ ಮೊದಲೇ ಇತ್ತು’ ಎಂದು ಎದೆ ತಟ್ಟಿಕೊಳ್ಳುವುದು ಬೇಡ. ಅದು ಸುಳ್ಳು. ಅರ್ನ್ಸ್ಟ್ ಆಕಸ್ಮಿಕವನ್ನು ಬೆನ್ನಟ್ಟಿದವನು, ಹಲಗೆ ಏನು ಕೊಟ್ಟರೂ ಸೈ ಎಂದವನು. ಕಜ್ವೀನಿಯ ಗುಮ್ಮಟದಲ್ಲಿ ಅಳತೆ ಬಿಟ್ಟು ಒಂದು ಎಸಳೂ ಇಲ್ಲ. ಆದರೆ ಇಬ್ಬರೂ ಗಿಡವನ್ನು ಎದುರಿಗಿಟ್ಟುಕೊಂಡು ನಕಲು ಮಾಡಲಿಲ್ಲ. ಗಿಡಕ್ಕೆ ಬೇರೆಯದೇ ಬಾಳು ಕೊಟ್ಟರು. ಒಬ್ಬನದು ಕಲಾಚಳವಳಿ, ಇನ್ನೊಬ್ಬನದು ಬರೀ ಅಲಂಕಾರ ಎಂದು ವಿಂಗಡಿಸುವುದರಲ್ಲಿ ನ್ಯಾಯವಿಲ್ಲ.

ಶಾಲೆಗಳಲ್ಲಿ ಚಿತ್ರಕಲೆ ಎಂದರೆ ಇಂದಿಗೂ ಬಹುಪಾಲು ಕುಂಡದಲ್ಲಿನ ದಾಸವಾಳ. ಐದು ಎಸಳು ಸರಿಯಾಗಿದ್ದರೆ ಅಂಕ. ಔರಾದ್, ಭಾಲ್ಕಿಯ ಡ್ರಾಯಿಂಗ್ ಮಾಸ್ತರರು ವರ್ಷದಲ್ಲಿ ಎರಡು ದಿನ ಇದನ್ನು ಬದಿಗಿಡಲಿ. ಒಂದು ದಿನ ಹೊಲಕ್ಕೆ: ತೊಗರಿ, ಸೋಯಾ, ಬೇವು, ಕಬ್ಬಿನ ಗಿಣ್ಣು, ಯಾವುದನ್ನಾದರೂ ತಿಕ್ಕಿ, ಬಂದ ಗೆರೆಯಲ್ಲಿ ತಮಗೆ ಕಂಡ ಪ್ರಾಣಿಯನ್ನು ಮಕ್ಕಳು ಬರೆಯಲಿ. ಇನ್ನೊಂದು ದಿನ ಅಷ್ಟೂರಿಗೆ. ಅದೂ ಬಿಸಿಲಿರುವಾಗ. ಕೋಟೆ, ನಾನಕ್ ಝರಾ, ಝರಣಿ ನರಸಿಂಹ ಎಲ್ಲ ಮುಗಿಸಿ ಬಸ್ಸು ಸಂಜೆ ಅಲ್ಲಿಗೆ ತಲುಪಿದರೆ ಗುಮ್ಮಟದೊಳಗೆ ಬರೀ ಕತ್ತಲು. ಬಾಗಿಲಲ್ಲಿ ಕನ್ನಡಿ ಹಿಡಿದು ಬೆಳಕನ್ನು ಒಳಕ್ಕೆ ತಿರುಗಿಸಿದರೆ ಕೆಂಪಿನ ಮೇಲೆ ಚಿನ್ನದ ಬಳ್ಳಿ ತುಂಡುತುಂಡಾಗಿ ಕಾಣುತ್ತದೆ. ಬೆಳಕು ಸರಿದಂತೆ ಒಂದು ಹೂವು ಮಾಯ, ಇನ್ನೊಂದು ಪ್ರತ್ಯಕ್ಷ.

ಒಂದು ಎಚ್ಚರಿಕೆ. ಹಾಳೆ, ಪೆನ್ಸಿಲ್ ಹೊಲಕ್ಕೆ ಮಾತ್ರ. ಅಷ್ಟೂರಿನ ಗೋಡೆ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿರುವಂಥದ್ದು, ಬಣ್ಣ ಸುಮಾರು ಆರುನೂರು ವರ್ಷ ಹಳೆಯದು. ಅಲ್ಲಿ ಎರಡೂ ಕೈ ಕಿಸೆಯಲ್ಲಿರಲಿ.