ಉಪ್ಪಿನ ಮೇಲೇಕೆ ಸಿಟ್ಟು?

ಗಟ್ಟಿಮುಟ್ಟಾದ ಜವ್ವನಿಗ. ಹಗಲೆಲ್ಲ ತೋಟದಲ್ಲಿ ಅಡಿಕೆ ಹೊತ್ತು, ರಾತ್ರಿ ಮದುವೆ ಮನೆಯಲ್ಲಿ ಹೋಳಿಗೆ-ಪಾಯಸ ಗಡದ್ದಾಗಿ ಹೊಡೆದು ಮಲಗಿದವನು ಬೆಳಗಿನ ಜಾವ ಏಳಲು ನೋಡಿದರೆ ಕಾಲು ಅಲ್ಲಾಡುವುದಿಲ್ಲ. ಮಾತು ಸರಿ ಉಂಟು, ಬುದ್ಧಿ ಸರಿ ಉಂಟು, ಸೊಂಟದ ಕೆಳಗೆ ಮಾತ್ರ ಬಾಳೆದಿಂಡು! ಮನೆಯವರಲ್ಲಿ ಒಬ್ಬ ಎಣ್ಣೆ ತಿಕ್ಕುವವರನ್ನು ಹುಡುಕುತ್ತಾನೆ, ಇನ್ನೊಬ್ಬ ದೈವಕ್ಕೆ ಹರಕೆ ಹೇಳುತ್ತಾನೆ. ಹರಕೆ ಹೇಳಲಿ, ಬೇಡ ಎಂದವರಾರು? ಆದರೆ ಜೀಪು ಮೊದಲು ಆಸ್ಪತ್ರೆಗೆ ಹೋಗಲಿ.

ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುವ ಕೆಲವರಲ್ಲಿ ರಕ್ತದ ಪೊಟ್ಯಾಸಿಯಂ ಒಮ್ಮೆಲೇ ಸ್ನಾಯುಗಳ ಒಳಗೆ ನುಗ್ಗುತ್ತದೆ, ಕೈಕಾಲು ಸ್ತಬ್ಧ. ಥೈರಾಯ್ಡ್ ಕಾಯಿಲೆ ಹೆಂಗಸರಿಗೇ ಜಾಸ್ತಿಯಾದರೂ ಈ ಲಕ್ವ ಬರುವುದು ಹೆಚ್ಚಾಗಿ 20ರಿಂದ 40ರ ಏಷ್ಯಾದ ಗಂಡಸರಿಗೆ. ದಣಿದು, ಹೊಟ್ಟೆ ತುಂಬ ಅನ್ನ-ಸಿಹಿ ತಿಂದು ಮಲಗಿದ ಮೇಲೆ. ನಿಶ್ಶಕ್ತಿ ಎಂದು ಗ್ಲೂಕೋಸ್ ಬಾಟಲಿ ಏರಿಸಿದರೆ ಪೊಟ್ಯಾಸಿಯಂ ಇನ್ನೂ ಕುಸಿಯುತ್ತದೆ, ಹೃದಯದ ಬಡಿತವೇ ತಪ್ಪಬಹುದು. ಬೊಂಡ ಕುಡಿಸಿ ಕಾಯುವ ಕಾಯಿಲೆಯೂ ಇದಲ್ಲ. ರಕ್ತಪರೀಕ್ಷೆ, ಇಸಿಜಿ ಆಗಬೇಕು. ಪೊಟ್ಯಾಸಿಯಂ ಅಳೆದು ಕೊಡಬೇಕು, ಅತಿಯಾದರೆ ಅದೂ ಅಪಾಯ. ಗಂಟೆಗಳಲ್ಲಿ ಎದ್ದು ನಡೆದವನು ‘ಗುಣವಾಯ್ತಲ್ಲ’ ಎಂದು ಮನೆಗೆ ಹೋಗಿ ಥೈರಾಯ್ಡ್ ಮದ್ದು ಬಿಟ್ಟರೆ ಕಾಲು ಮತ್ತೆ ಬೀಳಬಹುದು.

‘ಎಲ್ಲ ಈ ಅಯೊಡಿನ್ ಉಪ್ಪಿನದ್ದೇ ಕಿತಾಪತಿ, ನಮಗೆ ಸಮುದ್ರ ಹತ್ತಿರ, ಕಲ್ಲುಪ್ಪು ಸಾಕು’ ಎಂಬ ವಾದ ಬಸ್ಸಿನಲ್ಲಿ ಕೇಳಿಬರುವುದುಂಟು. ಅರ್ಧ ಸತ್ಯ ಮಾರಾಯ್ರೆ! ಕುತ್ತಿಗೆಯಲ್ಲಿ ಹಳೇ ಗಂಟು ಇದ್ದವರಿಗೆ ಅಯೊಡಿನ್ ಒಮ್ಮೆಲೇ ಹೆಚ್ಚಾದರೆ ಗ್ರಂಥಿ ಕೆರಳುವುದು ಸುಳ್ಳಲ್ಲ. ಹೃದಯಕ್ಕೆ ಕೊಡುವ ಅಮಿಯೊಡರೋನ್ ಗುಳಿಗೆಯಿಂದಲೂ ಆದೀತು. ಆದರೆ ಹೆಚ್ಚಿನವರಲ್ಲಿ ಕಾರಣ ಗ್ರೇವ್ಸ್ ಕಾಯಿಲೆ: ದೇಹದ ರಕ್ಷಣಾ ಶಕ್ತಿಯೇ ದಾರಿತಪ್ಪಿ ಗ್ರಂಥಿಯನ್ನು ಕೆಣಕುವುದು. ಅದಕ್ಕೆ ಊರಿಗೆಲ್ಲ ಉಪ್ಪು ಬದಲಿಸುವುದು ಯಾವ ನ್ಯಾಯ? ಸಮುದ್ರದ ನೀರು ಒಣಗಿ ಬಂದ ಕಲ್ಲುಪ್ಪಿನಲ್ಲಿ ಅಯೊಡಿನ್ ಇಲ್ಲವೆಂದರೂ ಸರಿ. ದೊಡ್ಡವರಿಗೆ ದಿನಕ್ಕೆ 150 ಮೈಕ್ರೋಗ್ರಾಂ ಬೇಕು, ಬಸುರಿಗೆ ಇನ್ನೂ ಹೆಚ್ಚು. ಸಿಗದಿದ್ದರೆ ಏಟು ಬೀಳುವುದು ಹೊಟ್ಟೆಯಲ್ಲಿರುವ ಕೂಸಿನ ಮಿದುಳಿಗೆ. ತಿನ್ನುವ ಉಪ್ಪನ್ನು ಅಯೊಡಿನ್ ಇಲ್ಲದೆ ಮಾರುವುದಕ್ಕೆ 2006ರಿಂದ ದೇಶದಲ್ಲೆಲ್ಲ ನಿಷೇಧವಿದೆ. ಅಂಗಡಿಯವರು ಮಳೆಗಾಲದಲ್ಲಿ ಉಪ್ಪಿನ ಮೂಟೆ ಬಾಯಿ ತೆರೆದು ಜಗಲಿಯಲ್ಲಿ ಇಡಬಾರದು, ಪಸೆಗೆ ಅಯೊಡಿನ್ ಹಾರಿಹೋಗುತ್ತದೆ.

ಸುಳ್ಯದಲ್ಲಿ ಮೆಡಿಕಲ್ ಕಾಲೇಜೇ ಉಂಟು. ಆದರೆ ಈ ಲಕ್ವ ಹೊಡೆಯುವುದು ಬಸ್ಸು ಹೊರಡುವ ಮೊದಲೇ, ಕತ್ತಲಲ್ಲಿ. ಪುತ್ತೂರು, ಕಡಬದ ಸರಕಾರಿ ಆಸ್ಪತ್ರೆಗಳಲ್ಲೂ ಪೊಟ್ಯಾಸಿಯಂ ಪರೀಕ್ಷೆ ನಡುರಾತ್ರಿ ಎರಡು ಗಂಟೆಗೂ ಆಗುವಂತೆ ಆರೋಗ್ಯ ಇಲಾಖೆಯವರು ನೋಡಿಕೊಳ್ಳುವರೇ?