ತೋಟದ ಲೆಕ್ಕ ಹಕ್ಕಿಗಳ ಬಳಿ ಇದೆ



ಸಕ್ಕರೆ ಕಾಯಿಲೆಗೆ ದಿನಾ ಮುಕ್ಕಾಲು ಗಂಟೆ ನಡೆಯಬೇಕೆಂದು ವೈದ್ಯರು ಹೇಳಿದ ಮೇಲೆ ನಮ್ಮ ಧರ್ಮಕೇಂದ್ರದ ಹಲವರು ಬೆಳಗ್ಗೆ ಹೆದ್ದಾರಿಯ ಬದಿಯಲ್ಲಿ ನಡೆಯುವುದನ್ನು ನೋಡುತ್ತೇನೆ. ಲಾರಿಗಳ ಹೊಗೆ ಕುಡಿಯುತ್ತಾ ನಡೆಯುವ ಇವರಲ್ಲಿ ಹೆಚ್ಚಿನವರಿಗೆ ಸ್ವಂತ ತೋಟವಿದೆ, ಗುಡ್ಡೆಯಿದೆ. ಅಲ್ಲಿ ನಡೆಯಲು ಯಾಕೆ ಮನಸ್ಸಾಗುವುದಿಲ್ಲ? ನನಗೂ ಅದೇ ಕಾಯಿಲೆ, ಅದೇ ಸಲಹೆ. ಬೆಳಗಿನ ಬಲಿಪೂಜೆಯ ನಂತರ ನಾನು ಅಡಿಕೆ ತೋಟದ ನಡುವೆ ಹೋಗಿ, ತೋಡು ದಾಟಿ, ಗೇರು ಗುಡ್ಡೆ ಹತ್ತಿ, ಪದವಿನ ಮೇಲೆ ಒಂದು ಸುತ್ತು ಬಂದು ಇಳಿಯುತ್ತೇನೆ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ, ಪೆನ್ನು. ಕಂಡ ಹಕ್ಕಿಗಳ ಹೆಸರು ಬರೆದುಕೊಳ್ಳುತ್ತೇನೆ.

ನಮ್ಮ ಕಾಸರಗೋಡು ಸೀಮೆಯಲ್ಲಿ ಹಿಮ ಬೀಳುವ ಚಳಿಗಾಲವಿಲ್ಲ. ಋತು ಬದಲಾದದ್ದನ್ನು ಹಕ್ಕಿಗಳೇ ಹೇಳಬೇಕು. ಚಳಿಗಾಲವಿಡೀ ಬಾಯಿ ಬಿಡದಿದ್ದ ಮಡಿವಾಳ ಹಕ್ಕಿ ಫೆಬ್ರವರಿ ಕಳೆಯುವಾಗ ತೆಂಗಿನ ಗರಿಯ ತುದಿಯಲ್ಲಿ ಕುಳಿತು ಹಾಡಲಾರಂಭಿಸುತ್ತದೆ. ಮಾರ್ಚಿನಲ್ಲಿ ಕೋಗಿಲೆಯ ಸ್ವರ ಏರುತ್ತದೆ; ಅದಕ್ಕೆ ಮೊಟ್ಟೆಯಿಡಲು ಕಾಗೆಯ ಗೂಡು ಬೇಕಲ್ಲ! ಅಡಿಕೆ ಮರದ ಬುಡದಲ್ಲಿ ಬಾಲವನ್ನು ಎಡಕ್ಕೂ ಬಲಕ್ಕೂ ಆಡಿಸುತ್ತಾ ಹುಳ ಹೆಕ್ಕುವ ಕಾಡುಸಿಪಿಲೆ ಪೂರ್ವ ಏಷ್ಯಾದ ಕಡೆಯಿಂದ ಬಂದ ಅತಿಥಿ. ತೋಡಿನ ಕಲ್ಲುಗಳ ಮೇಲೆ ಬಾಲವನ್ನು ಮೇಲೆ ಕೆಳಗೆ ಕುಣಿಸುವ ಬೂದು ಸಿಪಿಲೆ ಹಿಮಾಲಯದ ಕಡೆಯದು. ತರಗೆಲೆ ಕೆದಕುವ ನವರಂಗ ಹಕ್ಕಿ ಮಧ್ಯ ಭಾರತದಲ್ಲಿ, ಹಿಮಾಲಯದ ತಪ್ಪಲಲ್ಲಿ ಮರಿ ಮಾಡುತ್ತದೆ. ಪಾಸ್ಖ ಹಬ್ಬದ ಹೊತ್ತಿಗೆ ಇವೆಲ್ಲ ಒಂದೊಂದಾಗಿ ಹೊರಡುತ್ತವೆ. ಗದ್ದೆಯ ಬೆಳ್ಳಕ್ಕಿಯ ತಲೆ, ಕುತ್ತಿಗೆ ಆಗ ಕಿತ್ತಳೆ ಬಣ್ಣಕ್ಕೆ ತಿರುಗಲಾರಂಭಿಸುತ್ತದೆ.

ಇದು ಪುರುಸೊತ್ತಿದ್ದವರ ಹವ್ಯಾಸ ಎಂದು ಕೆಲವರು ನಗುತ್ತಾರೆ. ನನ್ನ ಅಭಿಪ್ರಾಯ ಬೇರೆ. ಹಕ್ಕಿಯ ಲೆಕ್ಕ ಎಂದರೆ ತೋಟದ ಆರೋಗ್ಯದ ಲೆಕ್ಕ. ನವರಂಗ ಬಂತೆಂದರೆ ತರಗೆಲೆಯಡಿ ಎರೆಹುಳು ಇದೆ ಎಂದರ್ಥ. ಮಿಂಚುಳ್ಳಿ ಕುಳಿತಿದ್ದರೆ ತೋಡಿನಲ್ಲಿ ಮೀನಿದೆ. ಹಿಂದಿನ ವರ್ಷ ಇದ್ದದ್ದು ಈ ವರ್ಷ ಕಾಣದಿದ್ದರೆ, ವಿಷದ ಡಬ್ಬಿ ಕೈಗೆತ್ತಿಕೊಳ್ಳುವ ಮೊದಲು ಯೋಚಿಸಬೇಕು.

ಇದನ್ನು ಯೋಚಿಸದಿದ್ದುದರ ಬೆಲೆ ಏನೆಂದು ನಮ್ಮ ಜಿಲ್ಲೆಗಿಂತ ಚೆನ್ನಾಗಿ ಯಾರಿಗೆ ಗೊತ್ತು? 1970ರ ದಶಕದ ಕೊನೆಯಿಂದ 2000ದವರೆಗೆ ಇಲ್ಲಿನ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ವಿಕಲಾಂಗ ಕರುಗಳು ಹುಟ್ಟುತ್ತಿವೆ ಎಂದು ಪತ್ರಕರ್ತ ಶ್ರೀಪಡ್ರೆಯವರು 1979ರಲ್ಲೇ ಬರೆದರು. ಅಲ್ಲಿನ ವೈದ್ಯ ಡಾ. ವೈ. ಎಸ್. ಮೋಹನ ಕುಮಾರ್ ರೋಗಿಗಳನ್ನು ಕಂಡು ಎಚ್ಚರಿಸಿದರು. ಕೇಳಿದವರು ಎಷ್ಟು ಮಂದಿ? ಸುಪ್ರೀಂ ಕೋರ್ಟು ದೇಶವಿಡೀ ಅದನ್ನು ತಡೆದದ್ದು 2011ರಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಆದೇಶಿಸಿದ್ದು 2017ರಲ್ಲಿ. ಹಾಸಿಗೆ ಬಿಟ್ಟು ಏಳಲಾಗದ ಮಕ್ಕಳ ತಾಯಂದಿರಿಗೆ ಆ ಹಣದಿಂದ ಏನು ಮರಳಿತು? ಮೊದಲು ಕರು, ಆಮೇಲೆ ಮಗು. ಪ್ರಾಣಿ ಪಕ್ಷಿಗಳು ಮೊದಲೇ ಹೇಳುತ್ತವೆ. ನಾವು ತಡವಾಗಿ ಕೇಳುತ್ತೇವೆ.

“ಫಾದರ್, ನವಿಲು ಬಂದು ಅಳಸಂಡೆಯ ಸಾಲನ್ನೇ ಮುಗಿಸಿ ಹೋಗುತ್ತದೆ. ಹಕ್ಕಿ ನೋಡಿದರೆ ನಮ್ಮ ಹೊಟ್ಟೆ ತುಂಬುತ್ತದೆಯೇ?” ಎಂದು ಮೊನ್ನೆ ಒಬ್ಬರು ಕೇಳಿದರು. ಅವರ ನಷ್ಟ ಸುಳ್ಳಲ್ಲ, ಅವರ ಸಿಟ್ಟೂ ಸುಳ್ಳಲ್ಲ. ಆದರೆ ಕಾಳಿಗೆ ವಿಷ ಬೆರೆಸಿ ಎರಚಿದರೆ ಅದು ನವಿಲನ್ನು ಮಾತ್ರ ಹುಡುಕಿ ಹೋಗುವುದಿಲ್ಲ. ನೆರೆಮನೆಯ ಕೋಳಿ, ನಾಯಿ, ಕೊನೆಗೆ ಅಂಗಳದಲ್ಲಿ ಆಡುವ ಮಗುವಿನ ಕೈ, ಎಲ್ಲವೂ ಅದರ ದಾರಿಯಲ್ಲಿವೆ. ಕಾರ್ಬೋಫ್ಯುರಾನ್, ಫೋರೇಟ್ ಮುಂತಾದ ವಿಷಗಳನ್ನು ನಮ್ಮ ರಾಜ್ಯ 2011ರಲ್ಲೇ ನಿಷೇಧಿಸಿದೆ. ಗಡಿ ದಾಟಿ ತಂದ ಮಾತ್ರಕ್ಕೆ ವಿಷ ಅಮೃತವಾಗುವುದಿಲ್ಲ.

ಬೇರೆಯವರಿಗೆ ಬೋಧನೆ ಮಾಡುವ ಮೊದಲು ನನ್ನ ತಪ್ಪನ್ನೂ ಹೇಳಬೇಕು. ಎರಡು ವರ್ಷಗಳ ಹಿಂದೆ ಮಾರ್ಚ್ ತಿಂಗಳಲ್ಲಿ, ಹಾವಿನ ಭಯವೆಂದು ಇಗರ್ಜಿಯ ಹಿಂದಿನ ಪದವಿನ ಒಣಹುಲ್ಲಿಗೆ ಬೆಂಕಿ ಹಾಕಿಸಿದವನು ನಾನೇ. ಮರುದಿನ ನಡೆಯಲು ಹೋದಾಗ ಎರಡು ಟಿಟ್ಟಿಭ ಹಕ್ಕಿಗಳು ತಲೆಯ ಮೇಲೆ ಸುತ್ತುತ್ತಾ ಕೂಗುತ್ತಿದ್ದವು. ಕಾಲಬುಡದಲ್ಲಿ ನೋಡಿದರೆ ಬೆಂದು ಒಡೆದ ನಾಲ್ಕು ಮೊಟ್ಟೆಗಳು. ಈ ಹಕ್ಕಿ ಬರಿಯ ನೆಲದ ಮೇಲೇ ಮೊಟ್ಟೆಯಿಡುತ್ತದೆ ಎಂಬುದು ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದುದು ನೆಪವಾಗಬಹುದು, ಕ್ಷಮೆಯಾಗದು. ಅಂದಿನಿಂದ ಅಲ್ಲಿ ಹುಲ್ಲು ಕತ್ತಿಯಿಂದ ಸವರಿಸುತ್ತೇವೆ. ಕೂಲಿ ಹೆಚ್ಚು, ನಿಜ. ಆ ಹುಲ್ಲು ಅಡಿಕೆ ಬುಡಕ್ಕೆ ಬೀಳುತ್ತದೆ, ಬೇಸಿಗೆಯಲ್ಲಿ ತೇವ ಉಳಿಸುತ್ತದೆ.

ಆದುದರಿಂದ ಈ ತಪಸ್ಸುಕಾಲದಲ್ಲಿ ನಿಮ್ಮಲ್ಲಿ ಮೂರು ವಿನಂತಿ. ಒಂದು, ದಿನಾ ಅರ್ಧ ಗಂಟೆಯಾದರೂ ನಿಮ್ಮದೇ ತೋಟದಲ್ಲಿ ನಡೆಯಿರಿ. ಮಕ್ಕಳನ್ನು ಕರೆದೊಯ್ಯಿರಿ, ಕಂಡ ಹಕ್ಕಿಯ ಹೆಸರನ್ನು ಅವರೇ ಬರೆಯಲಿ. ಕುಪ್ಪುಳು, ಪಿಕಳಾರ, ಕಾಜಾಣ ಎಂಬ ಹೆಸರುಗಳು ಅಜ್ಜಿಯಂದಿರ ಜೊತೆಗೇ ಮಣ್ಣಾಗದಿರಲಿ. ಎರಡು, ಪಾಸ್ಖದವರೆಗೆ ಗುಡ್ಡೆಗೆ ಬೆಂಕಿ ಬೇಡ. ಆ ಮೇಲೂ ಬೇಡ. ಮೂರು, ತೆಂಗಿನ ಮಂಡೆಯಲ್ಲಿ ಕುರುವಾಯಿ, ತರಕಾರಿಯಲ್ಲಿ ಹುಳ ಕಂಡಾಗ ಅಂಗಡಿಯವನ ಮಾತಿಗಿಂತ ಮೊದಲು ಕೃಷಿಭವನದಲ್ಲಿ ಕೇಳಿ. ಮೋಹಕ ಬಲೆಯಂಥ ವಿಷವಿಲ್ಲದ ಉಪಾಯಗಳು ಈಗ ಇವೆ. ಇಲಿ ಹಿಡಿಯುವ ಗೂಬೆಗೆ ಅಪಶಕುನವೆಂದು ಕಲ್ಲು ಹೊಡೆಯುವುದನ್ನಂತೂ ಕ್ರೈಸ್ತರಾದ ನಾವು ಬಿಡಲೇಬೇಕು.

ಕೃಷಿಯ ವಿಷದಿಂದ ಕಣ್ಮರೆಯಾಗುವ ಹಕ್ಕಿ, ಕೀಟಗಳು ಕೃಷಿಗೇ ಉಪಕಾರಿಗಳೆಂದು ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರದಲ್ಲಿ ನೆನಪಿಸಿದ್ದರು. ಅದಕ್ಕೂ ಬಹಳ ಹಿಂದೆ ಪ್ರವಾದಿ ಯೆರೆಮೀಯರು, ಬಾನಾಡಿಗಳಿಗೆ ತಾವು ಬರುವ ಹೋಗುವ ಕಾಲ ತಿಳಿದಿದೆ, ನನ್ನ ಜನರಿಗೆ ಮಾತ್ರ ದೇವರ ನಿಯಮ ತಿಳಿಯದು ಎಂಬ ದೇವರ ದೂರನ್ನು ಸಾರಿದ್ದರು. ನವರಂಗ ಈ ತಿಂಗಳು ನಮ್ಮ ತೋಟ ಬಿಟ್ಟು ಹೋಗುತ್ತದೆ. ಮಳೆ ಮುಗಿದು ಅದು ತಿರುಗಿ ಬರುವಾಗ ಕೆದಕಲು ತರಗೆಲೆಯೂ, ತಿನ್ನಲು ಹುಳವೂ ಇರುವಂತೆ ನೋಡಿಕೊಳ್ಳುವುದು ನಮ್ಮ ಕೆಲಸ.

ದೇವರು ನಿಮ್ಮನ್ನೂ ನಿಮ್ಮ ಬೆಳೆಯನ್ನೂ ಹರಸಲಿ.

ನಿಮ್ಮ ಧರ್ಮಗುರು